ಮೊಳೆಯದ ಹತ್ತಿಬೀಜ

ನಮ್ಮ ಮೇಡಂ ಬಲಗೈ ಬೆರಳ ತುದಿಗಳು ಸದಾ ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಹತ್ತಿಯ ಸಸಿಯನ್ನು ಬಕೆಟ್ಟಿನಲ್ಲಿ ಅದ್ದಿ, ಕೂದಲೆಳೆಯಂಥ ಬೇರುಗಳಿಂದ ಮಣ್ಣು ಬಿಡಿಸುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ನಾವು ಕೈಹಾಕಿದರೆ, "ಎಳೀಬೇಡ, ಅದೇ ಬಿಡ್ತದೆ" ಎನ್ನುತ್ತಿದ್ದರು.

ಕುಮಟೆಯ ಕಾಲೇಜಿನಲ್ಲಿ ನಮಗೆ ಸಸ್ಯಶಾಸ್ತ್ರ ಕಲಿಸಿದವರು ಅವರು. ಹೊನ್ನಾವರದವರು, ತಾಯಿ ಮೀನು ಮಾರಿ ಓದಿಸಿದ್ದರು. ಕಾಲೇಜಿನ ಹಿಂದೆ ಮಗಳು ಬೆಳೆಸಿದ ಹತ್ತಿಗಿಡ ಕಂಡು ಆ ತಾಯಿ ಒಮ್ಮೆ ನಕ್ಕಿದ್ದರು. "ನಮ್ಮ ಬದಿಗೆ ಯಾರೂ ಬೆಳೆಯದ್ದು. ಇದ್ರ ಬೇರು ಕಟ್ಟಿಕೊಂಡು ನಿಂಗೆ ಎಂತ ಆಗ್ಬೇಕು?"

ಕಾಲೇಜಿಗೆ ಬರುವ ಮೊದಲು ಮೇಡಂ ಘಟ್ಟದ ಮೇಲಿನ ಒಂದು ಪ್ರಯೋಗಾಲಯದಲ್ಲಿದ್ದರು. ಹತ್ತಿಯ ಬೇರು ಎಷ್ಟು ಆಳಕ್ಕಿಳಿಯಬೇಕೆಂದು ತೀರ್ಮಾನಿಸುವ ಜೀನುಗಳ ಒಂದು ಕುಟುಂಬ ಇದೆಯೆಂಬುದು ಅವರ ಅನುಮಾನ. "ಒಂದನ್ನು ಸುಮ್ಮನಾಗಿಸಿದ್ರೆ ಎಂತದೂ ಆಗೂದಿಲ್ಲ. ಅದರ ಕೆಲಸ ಅಕ್ಕತಂಗಿಯರು ಮಾಡ್ತಾರೆ," ಎಂದು ನಮಗೆ ವಿವರಿಸುತ್ತಿದ್ದರು. ಮೂರನ್ನು ಒಟ್ಟಿಗೇ ಸುಮ್ಮನಾಗಿಸಿದಾಗ ಬೇರು ಗೇಣುದ್ದವೂ ಇಳಿಯಲಿಲ್ಲವಂತೆ. ಆದರೆ ಕಂಡದ್ದು ಒಂದೇ ಸಲ. ಆ ಗಿಡಗಳ ಬೀಜ ಬಿತ್ತಿ ಇನ್ನೊಮ್ಮೆ ನೋಡಬೇಕೆನ್ನುವಷ್ಟರಲ್ಲಿ ಯೋಜನೆಯೇ ನಿಂತುಹೋಯಿತು. ಬೀಜ ಅಲ್ಲಿನ ಶೀತಕೋಣೆಯಲ್ಲಿ ಉಳಿಯಿತು.

ವರ್ಷಗಟ್ಟಲೆ ಪತ್ರ ಬರೆದ ಮೇಲೆ ಒಂದು ಬೇಸಿಗೆ ರಜೆಯಲ್ಲಿ ಆ ಬೀಜ ಮೊಳೆಸಿ ನೋಡಲು ಅನುಮತಿ ಸಿಕ್ಕಿತು. ಸಹಾಯಕ್ಕೆಂದು ನನ್ನನ್ನು ಕರೆದೊಯ್ದರು. ಬಸ್ಸು ಕತಗಾಲ ದಾಟಿ ಘಟ್ಟ ಹತ್ತುವವರೆಗೂ ಅವರ ಮಾತು ನಿಂತಿರಲಿಲ್ಲ.

ಹೋಗಿ ನೋಡಿದರೆ ಶೀತಕೋಣೆಯ ಯಂತ್ರ ಯಾವಾಗಲೋ ಕೆಟ್ಟಿತ್ತು. ಯಾರೂ ನೋಡಿರಲಿಲ್ಲ. ನೀರಿಳಿದು ಬೀಜದ ಪೊಟ್ಟಣಗಳಿಗೆ ಬೂಷ್ಟು ಹಿಡಿದಿತ್ತು. ಮೇಡಂ ಬೀಜಗಳನ್ನು ಒಂದೊಂದಾಗಿ ಒರೆಸಿ ಒದ್ದೆ ಕಾಗದದ ಮೇಲಿಟ್ಟರು. ಹತ್ತು ದಿನ ಕಾದೆವು.

"ಮೇಡಂ, ಇಲ್ಲೊಂದೆರಡು ಬಿರಿದ ಹಾಗೆ ಕಾಣ್ತದೆ," ಎಂದೆ.

"ಅದು ಕೊಳೆತದ್ದು ಮಾರಾಯ್ತಿ. ಸೊನ್ನೆ ಬರೆ."

ಅಲ್ಲಿನ ಹಿರಿಯರೊಬ್ಬರಿಗೆ ಕನಿಕರ ಬಂತು. "ಹಳೆಯ ಅಳತೆಗಳೇ ಈ ಸಲವೂ ಬಂದವು ಅಂತ ಬರೆದುಬಿಡಿ. ಯಾರು ಕೇಳ್ತಾರೆ?" ಎಂದರು. ಮೇಡಂ ನನ್ನ ಕೈಯಿಂದ ದಾಖಲೆ ಪುಸ್ತಕ ತೆಗೆದುಕೊಂಡು, ಪ್ರತಿ ಸಾಲಿನ ಎದುರೂ ತಾವೇ ಸೊನ್ನೆ ಬರೆದು ಸಹಿ ಹಾಕಿದರು. ಹೊಸದಾಗಿ ಶುರುಮಾಡಲು ಪ್ರಯೋಗಾಲಯವೂ ಇರಲಿಲ್ಲ, ವಯಸ್ಸೂ ಇರಲಿಲ್ಲ. ಆಮೇಲೆ ಅವರು ಹತ್ತಿಯ ಮಾತೆತ್ತಿದ್ದನ್ನು ನಾನು ಕೇಳಿಲ್ಲ. ಕಾಲೇಜಿನ ಹಿಂದಿನ ಗಿಡಗಳನ್ನು ಅದೇ ಮಳೆಗಾಲ ಕೀಳಿಸಿದರು.

ಮೂರು ವರ್ಷಕ್ಕೆ ಮೇಡಂಗೆ ಕ್ಯಾನ್ಸರ್ ಬಂತು, ಬೇಗ ಎಲ್ಲ ಮುಗಿಯಿತು.

ಅವರ ದಿನಕರ್ಮ ಕಳೆದ ಮೇಲೆ ಹೊನ್ನಾವರದ ಮನೆಗೆ ಹೋದೆ. ತಾಯಿ ನನ್ನ ಕೈ ಹಿಡಿದುಕೊಂಡು ಕೇಳಿದರು: "ನೀ ಓದಿದವಳು, ಹೇಳು. ನನ್ನ ಮಗಳು ಕಂಡದ್ದು ಖರೆಯೇ ಹೌದಲ್ಲ?"

ಹೌದು ಎಂದಿದ್ದರೆ ಆ ಮುದುಕಿಗೆ ಅಷ್ಟೇ ಸಾಕಿತ್ತು. ಬಾಯಿವರೆಗೂ ಬಂದಿತ್ತು. ಆದರೆ ನಾನು ಮೇಡಂ ಹತ್ತಿರ ಕಲಿತವಳು.

"ಗೊತ್ತಿಲ್ಲ ಅಮ್ಮ," ಎಂದೆ. "ಗೊತ್ತಾಗುವ ಮೊದಲೇ ಬೀಜ ಹೋಯ್ತು."

ಅವರು ನನ್ನ ಕೈ ಬಿಟ್ಟರು. ಆ ಮನೆಗೆ ನಾನು ಮತ್ತೆ ಹೋಗಿಲ್ಲ.