ಕಡಲಪಾಚಿಯ ರೋಗಕ್ಕೊಂದು ಫೆಲೋಶಿಪ್

ಮಕಾಸ್ಸರ್ ನಗರದ ಬಳಿಯ ತಾಕಲಾರ್ ಕರಾವಳಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದೋಣಿಯ ಅಂಚಿಗೆ ಬಾಗಿದ ಡಾ. ಹಸ್ನಿದಾರ್ ನೀರಿನಿಂದ ಹಗ್ಗವೊಂದನ್ನು ಮೇಲೆತ್ತುತ್ತಾರೆ. ಹಗ್ಗಕ್ಕೆ ಕಟ್ಟಿದ ಕಡಲಪಾಚಿಯ ಗೊಂಚಲುಗಳಲ್ಲಿ ಎಲ್ಲಾದರೂ ಕೊಂಬೆ ಬಿಳಿಚಿದೆಯೇ ಎಂದು ಬೆರಳಾಡಿಸಿ ನೋಡುತ್ತಾರೆ. ಬಿಳಿಚಿದ್ದು ಮುರಿದು ಬೀಳುತ್ತದೆ. ನೀರು ಕಾದರಂತೂ ರೋಗ ಇಡೀ ಸಾಲನ್ನು ನುಂಗಿಬಿಡುತ್ತದೆ.

"ಅಷ್ಟೆಲ್ಲ ಓದಿ ಕೊನೆಗೆ ನನ್ನ ದೋಣಿಗೇ ಬಂದ್ಯಲ್ಲ ಮಗಳೇ," ಎಂದು ಹುಟ್ಟು ಹಿಡಿದ ಪಾಚಿ ಬೆಳೆಗಾರ ಡೇಂಗ್ ಸಿರುವಾ ಕೆಣಕುತ್ತಾರೆ.

"ನಿಮ್ಮ ದೋಣಿ ಸೋರೋದು ನಿಲ್ಲೋವರೆಗೂ ನಾನು ಇಲ್ಲೇ ಡೇಂಗ್, ನೀರು ಎತ್ತಿಹಾಕೋಕೆ ಯಾರಾದ್ರೂ ಬೇಕಲ್ಲ!"

ಹಸ್ನಿದಾರ್ ಇದೇ ದಂಡೆಯ ಮಗಳು. ಅಮ್ಮ ಈಗಲೂ ಕಂಬಗಳ ಮೇಲೆ ನಿಂತ ಮನೆಯ ಕೆಳಗೆ ಕೂತು ಹಗ್ಗಕ್ಕೆ ಪಾಚಿ ಕಟ್ಟುತ್ತಾರೆ. ಮಗಳು ಪಿಎಚ್.ಡಿ. ಮುಗಿಸಿದರೂ ಸಿಕ್ಕಿದ್ದು ಖಾಸಗಿ ಕಾಲೇಜಿನಲ್ಲಿ ಗಂಟೆ ಲೆಕ್ಕದ ಪಾಠ. ಪ್ರಯೋಗಾಲಯವಿಲ್ಲದೆ ರೋಗದ ಬೆನ್ನು ಹತ್ತುವುದು ಸಾಧ್ಯವಿರಲಿಲ್ಲ. ಕಡಲಾಚೆ ಜಾವಾ ದ್ವೀಪದ ದೊಡ್ಡ ವಿಶ್ವವಿದ್ಯಾಲಯವೊಂದರಲ್ಲಿ ಪಿಎಚ್.ಡಿ. ನಂತರದ ಸಂಶೋಧನೆಗೆ ಫೆಲೋಶಿಪ್ ಇತ್ತು. ಆದರೆ ಅರ್ಜಿಗೂ ಮೊದಲು ಅಲ್ಲಿನ ಪ್ರಾಧ್ಯಾಪಕರೊಬ್ಬರು "ಇವರು ನನ್ನ ಜೊತೆ ಕೆಲಸ ಮಾಡಲಿ" ಎನ್ನಬೇಕು. ಬರೆದ ಮಿಂಚಂಚೆಗಳಿಗೆ ಹೆಚ್ಚಿನವರು ಉತ್ತರಿಸಲೇ ಇಲ್ಲ.

ಕೊನೆಗೊಬ್ಬರು ಒಪ್ಪಿದರು, ಒಂದು ಷರತ್ತಿನ ಮೇಲೆ. ರೋಗದ ಗೊಡವೆ ಬಿಟ್ಟು ಪಾಚಿಯಿಂದ ಮುಖಕ್ಕೆ ಹಚ್ಚುವ ಕ್ರೀಮ್ ಮಾಡುವ ವಿಷಯ ಹಿಡಿಯಬೇಕು.

"ಮೊದಲು ಒಳಗೆ ಹೋಗು, ಆಮೇಲೆ ನಿನಗೆ ಬೇಕಾದ್ದು ಮಾಡ್ಕೋ," ಎಂದರು ಗಂಡ ರುಸ್ತಮ್.

"ಸುಳ್ಳು ಹೇಳಿ ಹೋದ್ರೆ ಅಲ್ಲಿ ದಿನಾ ಸುಳ್ಳು ಹೇಳ್ತಾನೇ ಇರ್ಬೇಕಾಗತ್ತೆ," ಎಂದು ಹಸ್ನಿದಾರ್ ಒಪ್ಪಲಿಲ್ಲ. ಒಂದು ವರ್ಷ ಹಾಗೇ ಕೈಜಾರಿತು. ಪಿಎಚ್.ಡಿ. ಮುಗಿದು ಇಂತಿಷ್ಟೇ ವರ್ಷದೊಳಗೆ ಅರ್ಜಿ ಹಾಕಬೇಕೆಂಬ ನಿಯಮ ಬೇರೆ ತಲೆಯ ಮೇಲೆ ತೂಗುತ್ತಿತ್ತು.

ಮಕಾಸ್ಸರ್‌ನ ವಿಚಾರ ಸಂಕಿರಣವೊಂದರಲ್ಲಿ, ರೋಗ ತಡೆಯುವ ಪಾಚಿಯ ತಳಿಯೊಂದು ಊರಿನ ಸಾಲುಗಳಲ್ಲೇ ಸಿಕ್ಕಿದೆಯೆಂದು ಹಸ್ನಿದಾರ್ ಮಂಡಿಸಿದರು. ಜಾವಾದ ಅದೇ ವಿಶ್ವವಿದ್ಯಾಲಯದ ಪ್ರೊ. ರಹಾಯು ಎದ್ದು ಕೇಳಿದರು: "ಆರೋಗ್ಯವಾಗಿರೋ ಸಾಲುಗಳೆಲ್ಲ ಒಬ್ಬನೇ ಬೆಳೆಗಾರಂದು. ಗುಣ ತಳಿದೋ, ಅವನ ಜಾಗದ್ದೋ?"

ಹಸ್ನಿದಾರ್ ಆ ಪ್ರಶ್ನೆಯನ್ನು ಬರೆದುಕೊಂಡರು. ಊರಿಗೆ ಬಂದವರೇ ಅದೇ ತಳಿಯನ್ನು ಬೇರೆಯವರ ಸಾಲುಗಳಲ್ಲೂ ಕಟ್ಟಿಸಿದರು. ಬಿಸಿಲು ಬಲಿತಾಗ ಅವೂ ಬಿಳಿಚಿದವು. ಮೊದಲಿನ ಸಾಲುಗಳನ್ನು ಕಾಯುತ್ತಿದ್ದುದು ತಳಿಯಲ್ಲ, ಅಲ್ಲಿ ಹರಿಯುವ ತಂಪು ನೀರಿನ ಸೆಳೆತ.

"ಆ ರಾತ್ರಿ ಪತ್ರ ಬರೆಯೋಕೆ ಕೂತೆ," ಎನ್ನುತ್ತಾರೆ. "ಇದನ್ನ ಹೇಳಿದ್ರೆ ಫೆಲೋಶಿಪ್ಪಿಗೆ ಇರೋ ಒಂದು ಬಾಗಿಲೂ ಮುಚ್ಚತ್ತೆ ಅಂತ ಗೊತ್ತಿತ್ತು. ಆದ್ರೆ ಪಾಪ, ಆ ತಳಿ ನಂಬಿ ಇಲ್ಲಿನ ಬೆಳೆಗಾರರೆಲ್ಲ ಅದನ್ನೇ ಕಟ್ಟಿಬಿಟ್ರೆ?"

ತಮ್ಮ ಲೆಕ್ಕ ತಪ್ಪಾಗಿತ್ತೆಂದು ಅವರು ರಹಾಯು ಅವರಿಗೆ ಬರೆದರು. ಮರುದಿನವೇ ಫೋನ್ ಬಂತು. "ತಪ್ಪನ್ನ ತಾವೇ ಹುಡುಕಿ ಹೇಳೋರು ನನಗೆ ಬೇಕು. ಅರ್ಜಿ ಹಾಕ್ತೀರಾ?"

ಫೆಲೋಶಿಪ್ ಸಿಕ್ಕಿದೆ. ಮುಂದಿನ ತಿಂಗಳು ಜಾವಾಕ್ಕೆ ಹೊರಡಬೇಕು. ವರ್ಷದ ಅರ್ಧ ಪ್ರಯೋಗಾಲಯ, ಬಿಸಿಲ ತಿಂಗಳುಗಳು ಈ ದಂಡೆಯಲ್ಲಿ. ಗೆದ್ದೆ ಎಂಬ ಹಮ್ಮು ಅವರ ಮಾತಿನಲ್ಲಿಲ್ಲ.

"ಮದ್ದು ಕಂಡುಹಿಡೀತೀನಿ ಅಂತ ಯಾರಿಗೂ ಮಾತು ಕೊಟ್ಟಿಲ್ಲ," ಎನ್ನುತ್ತಾ ಹಗ್ಗವನ್ನು ಮೆಲ್ಲಗೆ ನೀರಿಗಿಳಿಸುತ್ತಾರೆ. "ರೋಗ ಬರೋದು ಒಂದು ವಾರ ಮುಂಚೆ ಗೊತ್ತಾದ್ರೆ ಸಾಕು. ಅಷ್ಟರಲ್ಲಿ ಇವರೆಲ್ಲ ಬೆಳೆ ಕೊಯ್ದು ದಡಕ್ಕೆ ಹಾಕ್ಕೋತಾರೆ."