ಕೊಳವೆಬಾವಿಗೆ ಕಟ್ಟಿದ ತಂತಿ

ಆಸ್ಪತ್ರೆಯ ಯಂತ್ರಗಳ ಎಂಜಿನಿಯರಿಂಗ್ ಓದಲು ನಾನು ಮದರಾಸಿಗೆ ಹೊರಟಾಗ ತಮಿಳುನಾಡಿನ ಗಡಿಯ ನಮ್ಮೂರು ತಿಗನಾರೆಯಲ್ಲಿ ಅದೇನೆಂದು ಯಾರಿಗೂ ತಿಳಿಯಲಿಲ್ಲ. "ಕರಂಟಿನ ಕೆಲ್ಸ ಹೆಣ್ಣಿಗ್ಯಾಕ?" ಎಂದರು ಅಪ್ಪ. "ಓದ್ಲಿ ಬುಡಣ್ಣ" ಎಂದವನು ಚಿಕ್ಕಪ್ಪ ಒಬ್ಬನೇ.

ಕಾಲೇಜಿನಲ್ಲಿ ಮೊದಲು ಕಲಿತದ್ದು ಭಯ. ಬೆರಳಿಗೆ ಗೊತ್ತೇ ಆಗದಷ್ಟು ಕರೆಂಟು ಹೃದಯದೊಳಗೆ ಹರಿದರೆ ಸಾಕು, ಮನುಷ್ಯ ಹೋಗಿಬಿಡುತ್ತಾನೆ ಎಂದಿದ್ದರು ಮೇಷ್ಟ್ರು. ಆಮೇಲೆ ನಾನು ಯಾವ ಯಂತ್ರವನ್ನೂ ನಂಬಲಿಲ್ಲ.

ಎಂಬತ್ತರ ದಶಕದ ನಡುವೆ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ನಮ್ಮ ಆಸ್ಪತ್ರೆಯವರು ನಮ್ಮೂರ ಕಡೆಯ ಹಾಸನೂರಿನಲ್ಲಿ ಒಂದು ದಿನದ ಶಿಬಿರ ಮಾಡಿದರು. ಇಸಿಜಿ ಯಂತ್ರದ ಜೊತೆ ನಾನೂ ಬಂದಿದ್ದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಚಿಕ್ಕಮ್ಮ ಚಿಕ್ಕಪ್ಪನನ್ನು ಹಿಡಿದುಕೊಂಡು ಬಂದಳು. ನಸುಕಿನಲ್ಲಿ ಕಾಡುಹಂದಿ ಓಡಿಸಲು ಹೊಲದ ಅಟ್ಟಣೆ ಹತ್ತುವಾಗ ಎದೆ ಹಿಡಿದುಕೊಂಡಿತಂತೆ. ಅವನ ಅಂಗಿ ಬೆವರಿನಿಂದ ತೊಯ್ದಿತ್ತು.

ಯಂತ್ರದ ಸ್ವಿಚ್ ಹಾಕಿ ಅದರ ತಗಡಿನ ಮೇಲೆ ಕೈಯಿಟ್ಟೆ. ಬೆರಳು ಜುಮ್ಮೆಂದಿತು. ಶಿಬಿರದ ಆ ಕಟ್ಟಡದಲ್ಲಿ, ಸೋರುವ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗೇ ಇರಲಿಲ್ಲ.

"ಸೀಕಿರಂ ಮಾ, ಬೇಗ!" ಎಂದರು ಡಾಕ್ಟರು.

"ಹತ್ತು ನಿಮಿಷ ಕೊಡಿ ಸಾರ್."

"ಅವರ ಹತ್ತಿರ ಹತ್ತು ನಿಮಿಷ ಇಲ್ಲದಿದ್ದರೆ?"

ಯಂತ್ರ ಹಚ್ಚಿದರೆ ನಾನೇ ಕೊಂದಂತಾದೀತು, ತಡಮಾಡಿದರೂ ನಾನೇ. ತಂತಿಯ ಸುರುಳಿ ಹಿಡಿದು ಹೊರಗೆ ಓಡಿದೆ. ಅಂಗಳದಲ್ಲಿ ಕೈಪಂಪಿನ ಕೊಳವೆಬಾವಿ ಇತ್ತು. ನೆಲದಾಳಕ್ಕಿಳಿದ ಅದರ ಕಬ್ಬಿಣದ ಕೊಳವೆಯ ತುಕ್ಕನ್ನು ಕಲ್ಲಿನಿಂದ ಕೆರೆದು ತಂತಿ ಸುತ್ತಿದೆ. ಎರಡು ಸಲ ಬಿಚ್ಚಿಕೊಂಡಿತು; ಮತ್ತೆ ಬಿಗಿದೆ. ಒಳಗಿನಿಂದ ಚಿಕ್ಕಪ್ಪ ನರಳುವುದು ಕೇಳುತ್ತಿತ್ತು.

ವಾಪಸು ಬಂದು ತಂತಿಯ ಇನ್ನೊಂದು ತುದಿಯನ್ನು ಯಂತ್ರಕ್ಕೆ ಬಿಗಿದು ತಗಡನ್ನು ಮುಟ್ಟಿದೆ. ಜುಮ್ಮೆನ್ನಲಿಲ್ಲ. ಆದರೂ ಧೈರ್ಯ ಬರದೆ, ಯಂತ್ರದ ತಂತಿ ಸೇರಿಸಿದ ಪಟ್ಟಿಗಳನ್ನು ಮೊದಲು ನನ್ನ ಕೈಕಾಲಿಗೇ ಕಟ್ಟಿಕೊಂಡೆ. ಚಿಕ್ಕಪ್ಪ ಅದನ್ನು ನೋಡುತ್ತಿದ್ದ.

"ನಂಗ ಕರಂಟ್ ಕೊಟ್ಟೀಯಾ ಮಗ?"

"ಇಲ್ಲ ಚಿಕ್ಕಪ್ಪ. ನಿನ್ ಎದೆ ಬಡಿಯಾದ್ನ ಬರ್ಕೊಳ್ತದ, ಅಷ್ಟೆ."

"ನೀನೇ ಕಟ್ಟು ಹಂಗಾರ" ಎಂದು ಕಣ್ಣು ಮುಚ್ಚಿದ.

ಪಟ್ಟಿಗಳನ್ನು ಅವನಿಗೆ ಕಟ್ಟಿದೆ. ಎದೆಬಡಿತದ ಗೆರೆ ಮೂಡಿದ ಕಾಗದ ಹೊರಬಂತು. ಡಾಕ್ಟರು ನೋಡಿದವರೇ ಹೃದಯಾಘಾತವೆಂದು ಜೀಪಿನಲ್ಲಿ ಮೈಸೂರಿಗೆ ಕಳಿಸಿದರು. ಚಿಕ್ಕಪ್ಪ ಬದುಕಿದ. ಆದರೆ ಮತ್ತೆ ನೇಗಿಲು ಹಿಡಿಯುವ ಶಕ್ತಿ ಅವನಿಗೆ ಬರಲೇ ಇಲ್ಲ.

ಮುಂದಿನ ವರ್ಷ ಚಿಕ್ಕಮ್ಮ ಕೇಳಿದಳು: "ಅವತ್ತು ಅಷ್ಟೊತ್ತು ಯಾಕ ಕಾಯಿಸ್ದೆ ಕಣವ್ವ?"

ನಾನು ಅರ್ಥಿಂಗ್ ಬಗ್ಗೆ ವಿವರಿಸಿದೆ. ಅವಳು ತಲೆಯಾಡಿಸಿದಳು. ನಂಬಿದಳೋ ಇಲ್ಲವೋ, ನನಗೆ ತಿಳಿಯಲಿಲ್ಲ.