ಎಂ.ಎ.ಗೆ ದಾರಿ ಕೇಳುತ್ತಿದ್ದ ಹುಸೇನಬಿ ಅಕ್ಕೋರು

ಧಾರವಾಡದ ಬಸ್ಸಿನಿಂದ ಇಳಿದ ಹುಡುಗ ಹುಡುಗಿಯರನ್ನು ಹುಸೇನಬಿ ಅಕ್ಕೋರು ಸುಮ್ಮನೆ ಮನೆಗೆ ಹೋಗಗೊಡುತ್ತಿರಲಿಲ್ಲ. ಕೊಡೆಯನ್ನು ಅಡ್ಡ ಹಿಡಿದು ನಿಲ್ಲಿಸಿ, "ಏನು ಕಲ್ಯಾಕತ್ತಿ? ಎಂ.ಎ. ಏನು? ಯಾವ ವಿಷಯ? ನಿನ್ನ ಹ್ಯಾಂಗ ಒಳಗ ತಗೊಂಡ್ರು?" ಎಂದು ಒಂದೇ ಉಸಿರಿನಲ್ಲಿ ಕೇಳುತ್ತಿದ್ದರು. ಕೊನೆಯ ಪ್ರಶ್ನೆಯೇ ಅವರಿಗೆ ಮುಖ್ಯ. ಎಪ್ಪತ್ತರ ದಶಕದ ಸಿಂದಗಿಯಲ್ಲಿ ಎಂ.ಎ. ಓದಿದವರು ಬೆರಳೆಣಿಕೆಯಷ್ಟು. ಅವರಲ್ಲಿ ಯಾರು ಯಾವ ದಾರಿಯಿಂದ ಒಳಹೊಕ್ಕರೆಂಬುದು ಮೂರನೇ ಇಯತ್ತೆಗೆ ಪಾಠ ಹೇಳುವ ಈ ಅಕ್ಕೋರಿಗೆ ಪಕ್ಕಾ ಗೊತ್ತಿತ್ತು.

ಕುಳ್ಳಗಿನ ಆಳು. ತಲೆಯ ಮೇಲೆ ಇಳಕಲ್ಲ ಸೀರೆಯ ಸೆರಗು, ಬೆರಳ ತುದಿಯಲ್ಲಿ ಸದಾ ಸುಣ್ಣದ ಬಿಳುಪು. ತಾಯಿಯೊಡನೆ ಇದ್ದರು. ಶಾಲೆಯ ಕೆಲಸ ಬಿಡದೆ, ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಿ ಬಿ.ಎ. ಪಾಸಾದವರು.

ನಾನು ಅವರ ಹಳೆಯ ವಿದ್ಯಾರ್ಥಿನಿ. ಅಪ್ಪನ ಆಸೆಯಂತೆ ಬಿಜಾಪುರದಲ್ಲಿ ಬಿ.ಎಸ್ಸಿ. ಮಾಡಿದೆ, ಮನಸ್ಸೆಲ್ಲ ಇತಿಹಾಸದ ಮೇಲೆ. ಫಲಿತಾಂಶ ಬಂದೊಡನೆ ಇಂಡಿ ಊರಿನ ಕಡೆಯಿಂದ ಒಂದು ಮದುವೆಯ ಸಂಬಂಧವೂ ಬಂತು. ದಿಕ್ಕು ತೋಚದೆ ಅಕ್ಕೋರ ಮನೆಗೆ ಹೋಗಿ ಅತ್ತೆ.

"ಅಳೂದು ಆಮ್ಯಾಲೆ ಅಳು, ಮೊದಲ ಕೇಳು," ಅಂದರು. "ಎಂ.ಎ.ಕ್ಕ ಮೂರು ಅಗಸಿ ಬಾಗಲಾ ಅದಾವ. ಬಿ.ಎ.ದಾಗ ಅದ ವಿಷಯ ಓದಿದವರಿಗೆ ದೊಡ್ಡ ಅಗಸಿ, ಮಾರ್ಕಿನ ಮ್ಯಾಲೆ ಕರೀತಾರ. ಬ್ಯಾರೆ ವಿಷಯ ಓದಿದವರಿಗೆ ಸಣ್ಣ ಅಗಸಿ, ಜಾಗಾ ಉಳಿದ್ರ ಸಂದರ್ಶನ ಮಾಡಿ ತಗೋತಾರ. ಮೂರನೇದು ನಮ್ಮಂಥವರದು, ಮನ್ಯಾಗ ಓದಿ ಪರೀಕ್ಷಾಕ್ಕ ಕೂಡೂದು. ನಿಂದು ಎರಡನೇದು."

ಅಂದೇ ಸಂಜೆ ನಮ್ಮ ಮನೆಗೆ ಬಂದು ಅಪ್ಪನೆದುರು ಕುಳಿತರು. "ಒಂದು ಸಲ ಕೇಳಿ ಬರ್ತೇವ್ರಿ. ಇಲ್ಲ ಅಂದ್ರ ನೀವು ಹೇಳಿದಂಗ ಆಗಲಿ."

"ಒಂದ ಸಲರಿ ಅಕ್ಕೋರ," ಅಂದರು ಅಪ್ಪ. "ಮತ್ತ ಎರಡನೇ ಮಾತಿಲ್ಲ."

ಸಂದರ್ಶನಕ್ಕೆ ಎಂಟು ದಿನವಿತ್ತು. ಅಕ್ಕೋರು ನನ್ನನ್ನು ಯಂಕಂಚಿಯ ಹೊಲವೊಂದಕ್ಕೆ ಕರೆದೊಯ್ದರು. ಬದುವಿನಲ್ಲಿ ಅಕ್ಷರ ಕೊರೆದ ಹಳೆಯ ಕಲ್ಲಿತ್ತು. ನೀರು ಹಾಕಿ ತೊಳೆದು, ಸುಣ್ಣದ ಪುಡಿ ತಿಕ್ಕಿ, ಮಣ್ಣಲ್ಲೇ ಕುಳಿತು ಓದತೊಡಗಿದರು. ಹೊಲದ ಮಾಲೀಕ ಓಡಿ ಬಂದ.

"ಬುಡಕ ಬಂಗಾರ ಐತೇನ್ರಿ ಅಕ್ಕೋರ?"

"ಹೆಸರು ಐತಿ, ಯಾರದಂತ ನೋಡಾಕತ್ತೇನಿ."

ಮೊದಲ ಸಾಲು ಬಿಡಿಸಲು ಮಧ್ಯಾಹ್ನವಾಯಿತು. ಎರಡನೆಯದು ಕಡೆಗೂ ದಕ್ಕಲಿಲ್ಲ.

ಧಾರವಾಡದಲ್ಲಿ ಅಕ್ಕೋರು ಸಂದರ್ಶನದ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತರು. ಒಳಗೆ ಇಬ್ಬರು ಪ್ರಾಧ್ಯಾಪಕರಿದ್ದರು. "ವಿಜ್ಞಾನ ಬಿಟ್ಟು ಇತಿಹಾಸ ಯಾಕೆ?" ಎಂದು ಹಿರಿಯರು ಕೇಳಿದಾಗ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

"ನಮ್ಮ ಕಡೆ ಒಂದು ಕಲ್ಲು ಐತ್ರಿ. ಮೊದಲನೇ ಸಾಲು ಓದಾಕ ಬಂತು, ಎರಡನೇದು ಬರಲಿಲ್ಲ. ಅದರಾಗ ಏನೈತಿ ಅಂತ ತಿಳೀಬೇಕಾಗೇತ್ರಿ."

"ಮೊದಲನೇ ಸಾಲು ಓದಿದವರು ಯಾರು?"

"ಹೊರಗ ಕುಂತಾರ್ರಿ."

ಹಿರಿಯರು ಎದ್ದು ಹೊರಗೇ ಬಂದರು. ಕಲ್ಲಿನ ಬಗ್ಗೆ ಅಕ್ಕೋರೊಡನೆ ಬಹಳ ಹೊತ್ತು ಮಾತಾಡಿ ಕೊನೆಗೆ, "ನೀವ್ಯಾಕೆ ಅರ್ಜಿ ಹಾಕಿಲ್ಲ?" ಅಂದರು.

"ನಾ ಮನ್ಯಾಗ ಕುಂತು ಬಿ.ಎ. ಮಾಡಿದಾಕಿರಿ, ಇತಿಹಾಸದಾಗ. ಕಾಲೇಜಿನ ಮೆಟ್ಟಲಾ ಹತ್ತಿಲ್ಲ. ನಮಗ ವರ್ಗದಾಗ ಕೂಡಾಕ ಬರೂದಿಲ್ಲಲ್ರಿ."

"ಹಂಗಂತ ಯಾರು ಹೇಳಿದ್ರು?"

ಬಸ್ಸಿನಿಂದ ಇಳಿದವರನ್ನೆಲ್ಲ ತಡೆದು ಕೇಳಿದ ಅಕ್ಕೋರು ಇದೊಂದನ್ನು ಯಾರನ್ನೂ ಕೇಳಿರಲಿಲ್ಲ.

"ಮನೆಯಲ್ಲಿ ಓದಿದರೂ ಡಿಗ್ರಿ ಡಿಗ್ರಿಯೇ," ಅಂದರು ಪ್ರಾಧ್ಯಾಪಕರು. "ಮಾರ್ಕು ಸಾಕಷ್ಟಿದ್ದರೆ ಆಯಿತು. ಈ ವರ್ಷದ ಅರ್ಜಿಯ ಗಡುವು ಮುಗಿದಿದೆ, ಮುಂದಿನ ವರ್ಷ ಬನ್ನಿ."

ಮರಳುವಾಗ ಬಸವನ ಬಾಗೇವಾಡಿಯಲ್ಲಿ ಬಸ್ಸು ನಿಂತಿತು. ಅಕ್ಕೋರು ಚಹಾದ ಬಟ್ಟಲು ಹಿಡಿದುಕೊಂಡು, "ಕೇಳಿದ್ರ ಇಲ್ಲ ಅಂದ್ಬಿಟ್ಟಾರು ಅಂತ ಅಂಜಿಕಿ ಇತ್ತು ನೋಡವಾ," ಅಂದರು. "ಮಂದೀಗೆ ಇಲ್ಲ ಅಂದ್ರ ಇನ್ನೊಂದು ದಾರಿ ಹುಡುಕಬಹುದು. ನನಗ ಇಲ್ಲ ಅಂದ್ರ ನಾ ಏನ್ಮಾಡ್ಲಿ?"

ನನಗೆ ಸೀಟು ಸಿಕ್ಕಿತು. ಸಂಬಂಧ ಬೇಡವೆಂದು ಅಪ್ಪ ಇಂಡಿ ಊರಿನವರಿಗೆ ತಾವೇ ಕಾಗದ ಬರೆದರು. ಮರುವರ್ಷ ಮೂವತ್ತೆಂಟರ ಅಕ್ಕೋರು ಟ್ರಂಕು ಹೊತ್ತು ನಮ್ಮ ಹಾಸ್ಟೆಲಿಗೆ ಬಂದಿಳಿದರು. ಅವರು ಮೊದಲ ವರ್ಷ, ನಾನು ಎರಡನೆಯದು. ನನ್ನ ಟಿಪ್ಪಣಿ ಕೇಳಲು ಬಂದಾಗ ಬಾಗಿಲಲ್ಲಿ ನಿಂತು, "ಒಳಗ ಬರಲೇನ್ರಿ ಅಕ್ಕೋರ?" ಎಂದು ನನ್ನನ್ನೇ ಕೇಳಿ ನಗುತ್ತಿದ್ದರು. ವರ್ಗದಲ್ಲಿ ಅವರ ಪ್ರಶ್ನೆಗಳಿಂದಾಗಿ ಪಾಠ ಗಂಟೆ ಮೀರುತ್ತಿತ್ತು. ಆದರೆ ಶಾಲೆಯಿಂದ ರಜೆ ಸಿಕ್ಕಿದ್ದು ಒಂದೇ ವರ್ಷ. ಎರಡನೆಯ ವರ್ಷವನ್ನು ಸಿಂದಗಿಯ ಮನೆಯಲ್ಲೇ ಓದಿ ಮುಗಿಸಿದರು. ಮತ್ತೆ ಅದೇ ಮೂರನೇ ಇಯತ್ತೆ. "ಎಂ.ಎ. ಮಾಡಿ ಮತ್ತ ಇಲ್ಲೇ ಏನ್ರಿ?" ಎಂದು ಹೆಡ್‌ಮಾಸ್ತರರು ಮರುಗಿದರೆ, "ಇಲ್ಲಿ ಹುಡುಗರು ಭಾಳ ಚೊಲೊ ಕೇಳ್ತಾವ್ರಿ," ಅಂದರಂತೆ.

ದಶಕದ ಕೊನೆಗೆ ನಾನು ಮುದ್ದೇಬಿಹಾಳದ ಕಾಲೇಜಿನಲ್ಲಿದ್ದೆ. ಒಂದು ದಿನ ಹೇಳದೆ ಕೇಳದೆ ಬಂದರು. ಸೊರಗಿದ್ದರು; ಕೇಳಿದರೆ ಆ ಮಾತು ತೇಲಿಸಿಬಿಟ್ಟರು. ನಾನು ಓದಿದ ಶಾಸನಗಳ ಪ್ರತಿಗಳನ್ನೆಲ್ಲ ಹರವಿಕೊಂಡು ಸಂಜೆತನಕ ನೋಡಿದರು.

"ಇದರಾಗ ದಾನ ಕೊಟ್ಟ ಹೆಣಮಕ್ಕಳು ಅದಾರ, ರಾಣ್ಯಾರು ಅದಾರ," ಅಂದರು. "ಹುಡುಗರಿಗೆ ಅಕ್ಷರ ಹೇಳಿಕೊಟ್ಟಾಕಿ ಒಬ್ಬಾಕಿ ಹೆಸರು ಎಲ್ಲ್ಯರೆ ಐತೇನವಾ?"

"ನಾ ನೋಡಿಲ್ರಿ ಅಕ್ಕೋರ."

"ನೋಡು ಮತ್ತ. ಸಿಕ್ಕರ ಒಂದು ಕಾರ್ಡು ಹಾಕು."

ಅವರು ತೀರಿಹೋದದ್ದು ಅದಾಗಿ ಆರು ತಿಂಗಳಿಗೆ. ಸುದ್ದಿ ನನಗೆ ತಡವಾಗಿ ಮುಟ್ಟಿತು. ಈಗಲೂ ಹೊಸ ಕಲ್ಲೊಂದರ ಮುಂದೆ ಕುಳಿತು ಸುಣ್ಣ ತಿಕ್ಕುವಾಗ ರಾಜನ ಹೆಸರಿಗಿಂತ ಮೊದಲು ಅಕ್ಷರ ಹೇಳಿಕೊಟ್ಟ ಆ ಹೆಣ್ಣಿನ ಹೆಸರನ್ನೇ ಹುಡುಕುತ್ತೇನೆ. ಇನ್ನೂ ಸಿಕ್ಕಿಲ್ಲ.